ಒಪ್ಪಂದ ಮುಗಿದ ಲಿಫ್ಟು

ಸಿಯ್ಕಾ ದೊಬ್ರೆವಾ ಹಾಲು ಕೊಳ್ಳುವಾಗ ಬಾಟಲಿಯ ಮುಚ್ಚಳವನ್ನು ಅಂಗಡಿಯಲ್ಲೇ ತಿರುವಿ ಮೂಸಿ ನೋಡುತ್ತಿದ್ದಳು. ಕಟುಕ ತೂಗಿ ಕೊಟ್ಟ ಮಾಂಸವನ್ನು ಮನೆಗೆ ತಂದು ಇನ್ನೊಮ್ಮೆ ತೂಗುತ್ತಿದ್ದಳು. ಬಾಗಿಲಿಗೆ ಬೀಗ ಹಾಕಿ, ಎರಡು ಮಹಡಿ ಇಳಿದು, ಮತ್ತೆ ಏದುಸಿರು ಬಿಡುತ್ತಾ ಹತ್ತಿ ಹೋಗಿ ಬೀಗ ಎಳೆದು ನೋಡುವುದು ಅವಳ ದಿನನಿತ್ಯದ ವ್ಯಾಯಾಮವಾಗಿತ್ತು. ಅವಳ ಗಂಡ ಮಿಂಚೊ ಡ್ಯಾನ್ಯೂಬ್ ನದಿಯ ಸರಕು ದೋಣಿಗಳಲ್ಲಿ ದುಡಿದು ನಿವೃತ್ತನಾದವನು, ಬಾಯಿ ತೆರೆದರೆ ತಮಾಷೆ. "ನನ್ ಹೆಂಡ್ತಿ ಸತ್ರೆ ನೋಡ್ರಪ್ಪ, ಸ್ವರ್ಗದ ಬಾಗ್ಲಲ್ಲಿ ನಿಂತ್ಕೊಂಡು ಸಂತ ಪೀಟರನ್ನೇ ಗುರುತಿನ ಚೀಟಿ ಕೇಳ್ತಾಳೆ" ಎಂದು ಗೆಳೆಯರ ಮುಂದೆ ಹೇಳುತ್ತಿದ್ದ. ಸಿಯ್ಕಾ ನಗುತ್ತಿರಲಿಲ್ಲ. ಕೇಳುವುದರಲ್ಲಿ ತಪ್ಪೇನಿದೆ ಎಂದು ಅವಳಿಗೆ ನಿಜವಾಗಿಯೂ ಅರ್ಥವಾಗುತ್ತಿರಲಿಲ್ಲ.

ಇದು ಅವಳಿಗೆ ಹುಟ್ಟಿನಿಂದ ಬಂದ ಗುಣವಲ್ಲ. ಅವಳು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅಪ್ಪ ಅಡುಗೆಮನೆಯಲ್ಲಿ ಕೂತು ಸರ್ಕಾರದ ಮೇಲೆ ಒಂದು ನಗೆಚಟಾಕಿ ಹಾರಿಸಿದ್ದ. ಅದು ಯಾರ ಕಿವಿಗೆ ಹೇಗೆ ತಲುಪಿತೋ, ಅಪ್ಪನನ್ನು ಬಂದರಿನ ಕಚೇರಿಯಿಂದ ಕಲ್ಲಿದ್ದಲ ಗೋದಾಮಿಗೆ ಎತ್ತಿಹಾಕಿದರು. ಆ ಸಂಜೆ ಮನೆಯಲ್ಲಿ ಇದ್ದವರು ಚಿಕ್ಕಪ್ಪ, ಅತ್ತೆ, ಪಕ್ಕದ ಮನೆಯ ದಂಪತಿ, ಅಷ್ಟೆ. ಅವರಲ್ಲಿ ಯಾರು ಎಂದು ಕೊನೆಗೂ ಗೊತ್ತಾಗಲಿಲ್ಲ. ಅಂದಿನಿಂದ ಅಮ್ಮ ಏನೇ ಮಾತಾಡುವುದಿದ್ದರೂ ಮೊದಲು ರೇಡಿಯೊ ಜೋರು ಮಾಡುತ್ತಿದ್ದಳು. ಸಿಯ್ಕಾ ಬೆಳೆದದ್ದು ಆ ರೇಡಿಯೊ ಸದ್ದಿನಲ್ಲಿ.

ರೂಸೆ ನಗರದ ಲಿಫ್ಟುಗಳನ್ನು ನೋಡಿಕೊಳ್ಳುವ ಒಂದು ಕಂಪನಿಯಲ್ಲಿ ಅವಳು ಒಪ್ಪಂದಗಳ ವಿಭಾಗದಲ್ಲಿದ್ದಳು. ವಿಭಾಗ ಎಂದರೆ ಅವಳೊಬ್ಬಳೇ, ಅವಳ ಕಪಾಟುಗಳು, ಕಿಟಕಿಯ ಮೇಲೊಂದು ಜೆರೇನಿಯಂ ಗಿಡ. ಎದುರು ಮೇಜಿನಲ್ಲಿ ಗಿಂಕಾ ಕೂರುತ್ತಿದ್ದಳು. ಲಿಫ್ಟುಗಳೊಳಗಿನ ತುರ್ತು ಗುಂಡಿ ಒತ್ತಿದರೆ ಕರೆ ಬರುತ್ತಿದ್ದದ್ದು ಅವಳಿಗೆ. ಕೂದಲಿಗೆ ದಾಳಿಂಬೆ ಬಣ್ಣ ಹಚ್ಚಿಕೊಂಡ, ಸಿಗರೇಟಿನಿಂದ ಗಂಟಲು ಒಡೆದುಕೊಂಡ ಗಟ್ಟಿ ಹೆಂಗಸು. ಸಿಕ್ಕಿಹಾಕಿಕೊಂಡವರು ಅಳುತ್ತಿದ್ದರೆ ಮೆಕ್ಯಾನಿಕ್ ಬರುವವರೆಗೂ ಅವರೊಂದಿಗೆ ಉಪ್ಪಿನಕಾಯಿ ಹಾಕುವ ವಿಧಾನ ಮಾತಾಡುತ್ತಾ ಕೂರುತ್ತಿದ್ದಳು. ಇಬ್ಬರೂ ಒಂದೇ ಕಚೇರಿಯಲ್ಲಿ ತಲೆ ನರೆಸಿಕೊಂಡವರು. ಮಧ್ಯಾಹ್ನ ಚೀಸ್ ತುಂಬಿ ಸುಟ್ಟ ಒಂದೇ ಬಾನಿತ್ಸಾವನ್ನು ಎರಡು ಭಾಗ ಮಾಡಿಕೊಂಡು ತಿನ್ನುತ್ತಿದ್ದರು. ದೊಡ್ಡ ಭಾಗ ಯಾರಿಗೆ ಬಂತು ಎಂದು ಸಿಯ್ಕಾ ಗಮನಿಸುತ್ತಿದ್ದಳು ಎನ್ನುವುದು ಬೇರೆ ಮಾತು.

ಆ ಶರತ್ಕಾಲದಲ್ಲಿ ಕಂಪನಿಯ ಒಡೆಯ ಕೊಸ್ತಾದಿನ್ ಬಾಲೆವ್ ಹೊಸ ಸಾಫ್ಟ್‌ವೇರ್ ಕೊಂಡ. ಅದನ್ನು ಕೂರಿಸಲು ಸೋಫಿಯಾದಿಂದ ಡೆಲ್ಯಾನ್ ಎಂಬ ಸಲಹೆಗಾರ ಬಂದ. ಗಡ್ಡ ನುಣ್ಣಗೆ ಕತ್ತರಿಸಿಕೊಂಡು, ಸಕ್ಕರೆ ಇಲ್ಲದ ಕಾಫಿ ಕುಡಿಯುವ ಮನುಷ್ಯ. ಸಕ್ಕರೆ ಬೇಡ ಎಂದಾಗಲೇ ಸಿಯ್ಕಾಗೆ ಇವನು ಸರಿಯಿಲ್ಲ ಅನ್ನಿಸಿತು.

"ಸಿಯ್ಕಾ ಮೇಡಂ, ಕೆಲಸ ಸುಲಭ" ಎಂದ ಅವನು. "ಒಂದೊಂದು ಬಡಾವಣೆಗೂ ಒಂದೊಂದು ಸ್ಪ್ರೆಡ್‌ಶೀಟ್. ಒಂದೊಂದು ಲಿಫ್ಟಿಗೂ ಒಂದು ಸಾಲು. ಯಾವ ಲಿಫ್ಟು, ಯಾವ ಒಪ್ಪಂದಕ್ಕೆ ಸೇರಿದ್ದು, ಶುರು ಯಾವಾಗ, ಮುಗಿಯೋದು ಯಾವಾಗ. ನೀವು ತುಂಬಿ ಕೊಡಿ, ಸಾಫ್ಟ್‌ವೇರ್ ಅದನ್ನ ಒಳಗೆ ಎಳ್ಕೊಳತ್ತೆ."

"ಎಳ್ಕೊಂಡು ಎಲ್ಲಿಗೆ ಒಯ್ಯತ್ತೆ?"

"ಸರ್ವರ್‌ಗೆ."

"ಅದೆಲ್ಲಿದೆ?"

"ಜರ್ಮನಿಯಲ್ಲಿ."

"ಚರೊದೆಯ್ಕಾ ಬಡಾವಣೆಯ ಮುದುಕೀರು ಮೇಲೆ ಹೋದ್ರೋ ಕೆಳಗೆ ಬಂದ್ರೋ ಅಂತ ಜರ್ಮನಿಗೆ ಯಾಕ್ರೀ ಬೇಕು?"

ಗಿಂಕಾ ಹೊಗೆ ಉಗುಳಿ ನಕ್ಕಳು. ಡೆಲ್ಯಾನ್ ಕೂಡ ನಕ್ಕ. ಅವನು ನಕ್ಕದ್ದೂ ಸಿಯ್ಕಾಗೆ ಹಿಡಿಸಲಿಲ್ಲ.

ಮರುದಿನ ಅವನು ಎಲ್ಲರನ್ನೂ ಕೂರಿಸಿಕೊಂಡು ಪಾಠ ಮಾಡಿದ. ಸಿಯ್ಕಾ ಮುಂದಿನ ಕುರ್ಚಿಯಲ್ಲೇ ಕೂತಿದ್ದಳು, ಆದರೆ ಅವನ ಮಾತು ಅವಳ ಕಿವಿಗೆ ಬೀಳಲಿಲ್ಲ. ಅವಳ ಕಣ್ಣೆಲ್ಲ ಅವನ ಕಂಪ್ಯೂಟರಿನ ಪಕ್ಕಕ್ಕೆ ಸಿಕ್ಕಿಸಿದ್ದ ಚಿಕ್ಕ ಕಡ್ಡಿಯ ಮೇಲಿತ್ತು. ಅದರಲ್ಲೊಂದು ನೀಲಿ ದೀಪ ಮಿಣಮಿಣ ಅನ್ನುತ್ತಿತ್ತು. ನಮ್ಮ ಒಪ್ಪಂದಗಳನ್ನೆಲ್ಲ ಕದ್ದು ಇನ್ನೊಂದು ಲಿಫ್ಟು ಕಂಪನಿಗೆ ಮಾರುತ್ತಾನೆ, ಅದಕ್ಕೇ ಬಂದಿದ್ದಾನೆ ಎಂದು ಲೆಕ್ಕ ಹಾಕಿಕೊಂಡು ಕೂತಿದ್ದಳು. ಪಾಠ ಮುಗಿದಾಗ ಎಲ್ಲರೂ ತಲೆಯಾಡಿಸಿದರು, ಅವಳೂ ಆಡಿಸಿದಳು.

ಆದರೆ ಅವಳು ಕೆಲಸಗಳ್ಳಿಯಲ್ಲ. ಕಪಾಟಿನಿಂದ ಒಂದೊಂದೇ ಒಪ್ಪಂದ ತೆಗೆದು, ಸಾಲು ಸಾಲಾಗಿ ತುಂಬಿದಳು. ಷೀಟುಗಳನ್ನು ಕಚೇರಿಯ ಎಲ್ಲರೂ ತೆರೆಯಬಲ್ಲ ಒಂದು ಫೋಲ್ಡರಿನಲ್ಲಿ ಇಡಬೇಕೆಂದು ಡೆಲ್ಯಾನ್ ಹೇಳಿದಾಗ ಮಾತ್ರ ಜಗಳ ಕಾದಳು, ಸೋತಳು. ಬಾಲೆವ್ ಅದನ್ನು ತೆರೆದು ನೋಡಿದ, ಮೆಕ್ಯಾನಿಕ್ ರಾಂಗೆಲ್ ಲಿಫ್ಟಿನ ನಂಬರು ಸರಿಯಿದೆಯೇ ಎಂದು ನೋಡಿದ, ಗಿಂಕಾ ಫೋನ್ ನಂಬರುಗಳನ್ನು ಸೇರಿಸಿದಳು. ಆಮೇಲೆ ಡೆಲ್ಯಾನ್ ಒಂದು ಗುಂಡಿ ಒತ್ತಿದ. ಒಂದು ಹಸಿರು ಪಟ್ಟಿ ಎಡದಿಂದ ಬಲಕ್ಕೆ ತೆವಳಿ ಮುಗಿಯಿತು. ಸಿಯ್ಕಾಳ ಅರ್ಧ ಆಯುಷ್ಯದ ಕೆಲಸ ಅಷ್ಟರಲ್ಲಿ ಒಳಗೆ ಹೋಗಿತ್ತು.

"ಇನ್ಮೇಲೆ ಸ್ಕ್ರೀನೇ ಸತ್ಯ" ಎಂದು ಬಾಲೆವ್ ಘೋಷಿಸಿದ. "ಲಿಫ್ಟಿಗೆ ಒಪ್ಪಂದ ಇದ್ರೆ ಹಸಿರು, ಇಲ್ದಿದ್ರೆ ಕೆಂಪು. ಕೆಂಪಿಗೆ ಮೆಕ್ಯಾನಿಕ್ ಕಳಿಸೋ ಹಾಗಿಲ್ಲ. ಪುಕ್ಕಟೆ ದುಡಿದದ್ದು ಸಾಕು."

ಸಿಯ್ಕಾ ಸುಮ್ಮನೆ ಕೂರುವವಳಲ್ಲ. ಒಳಗೆ ಹೋದದ್ದನ್ನೆಲ್ಲ ಒಂದೊಂದಾಗಿ ತೆರೆದು ನೋಡತೊಡಗಿದಳು. ಮೂರನೇ ದಿನ ಸಿಕ್ಕಿತು. ಚರೊದೆಯ್ಕಾದ ಏಳನೇ ಬ್ಲಾಕು. ಮುಂದಿನ ವರ್ಷದ ಕೊನೆಯವರೆಗೂ ಒಪ್ಪಂದವಿರುವ ಲಿಫ್ಟು ಕೆಂಪಗೆ ಕೂತಿತ್ತು. ಒಪ್ಪಂದ ಯಾವಾಗಲೋ ಮುಗಿದಿದೆ ಎಂದು ಬರೆದಿತ್ತು. ಅವಳು ದಿನಾಂಕ ತಿದ್ದಿದಳು. ಹಸಿರಾಯಿತು. ಮರುದಿನ ಬೆಳಿಗ್ಗೆ ಕೋಟು ಬಿಚ್ಚುವ ಮೊದಲೇ ನೋಡಿದರೆ ಮತ್ತೆ ಕೆಂಪು.

ಮತ್ತೆ ತಿದ್ದಿದಳು. ಮತ್ತೆ ಬೆಳಿಗ್ಗೆ ಕೆಂಪು.

ಕೈ ತಪ್ಪು ಒಂದು ಸಲ ಆಗುತ್ತದೆ. ಇದು ಯಾರೋ ಬೇಕೆಂದೇ ಮಾಡುತ್ತಿರುವುದು! ಸಿಯ್ಕಾಳ ಬೆನ್ನಹುರಿಯಲ್ಲಿ ಹಳೆಯದೊಂದು ತಣ್ಣಗಿನ ಸಂತೋಷ ಹರಿಯಿತು. ಸಂಜೆ ಹೊರಡುವ ಮುಂಚೆ ಕೀಲಿಮಣೆಯ ಮೇಲೆ ತನ್ನದೇ ಒಂದು ಕೂದಲು ಅಡ್ಡ ಇಟ್ಟಳು. ಕುರ್ಚಿಯನ್ನು ಓರೆಯಾಗಿ ತಿರುಗಿಸಿ, ನೆಲದ ಹಲಗೆಯ ಗೆರೆಗೆ ಸರಿಯಾಗಿ ನಿಲ್ಲಿಸಿದಳು. ಬೆಳಿಗ್ಗೆ ಕೂದಲು ಅಲ್ಲೇ ಇತ್ತು, ಕುರ್ಚಿ ಅಲುಗಿರಲಿಲ್ಲ, ಲಿಫ್ಟು ಕೆಂಪಗಿತ್ತು. ಅಂದರೆ ಇನ್ನೊಂದು ಕಂಪ್ಯೂಟರಿನಿಂದ ಮಾಡುತ್ತಿದ್ದಾರೆ. ಡೆಲ್ಯಾನನನ್ನು ಕೇಳಬಹುದಿತ್ತು. ಕಳ್ಳನನ್ನೇ ಕೇಳಿ ಕಳ್ಳನನ್ನು ಹಿಡಿಯಲಾದೀತೇ ಎಂದು ಬಿಟ್ಟಳು.

ಆಮೇಲೆ ಅವಳಿಗೊಂದು ನೆನಪಾಯಿತು. ಏಳನೇ ಬ್ಲಾಕಿನ ಮೇಲ್ವಿಚಾರಕ ಒಬ್ಬ ನಿವೃತ್ತ ಕರ್ನಲ್. ಬೇಸಿಗೆಯಲ್ಲಿ ಅವನು ಫೋನಿನಲ್ಲಿ ಗಿಂಕಾಗೆ, "ನಿಮ್ಮ ಬದಲು ಅಲ್ಲೊಂದು ನಾಯಿ ಕಟ್ಟಿದ್ರೆ ಚೆನ್ನಾಗಿ ಬೊಗಳ್ತಿತ್ತು" ಅಂದಿದ್ದ. ಗಿಂಕಾ ಫೋನು ಕುಕ್ಕಿ, "ಈ ಮುದಿಯನಿಗೆ ಒಂದಿನ ಎಂಟು ಮಹಡಿ ಹತ್ತಿಸ್ತೀನಿ ನೋಡ್ತಿರು" ಎಂದಿದ್ದಳು. ಸಿಯ್ಕಾ ತನ್ನ ಕಿವಿಯಾರೆ ಕೇಳಿದ್ದಳು.

ಎದುರು ಮೇಜಿನ ಹೆಂಗಸನ್ನು ಅವಳು ಎರಡು ದಿನ ಗಮನಿಸಿದಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಗಿಂಕಾ ಬೇಗ ಬಂದರೆ ಯಾಕೆ ಬೇಗ ಬಂದಳು, ಸ್ಕ್ರೀನನ್ನು ತುಸು ತಿರುಗಿಸಿದರೆ ಯಾಕೆ ತಿರುಗಿಸಿದಳು, ಎದ್ದು ಹೋಗಿ ಕಿಟಕಿ ತೆರೆದರೆ ಯಾರಿಗೆ ಸನ್ನೆ. ಮೂರನೇ ದಿನ ಬಾನಿತ್ಸಾ ಕತ್ತರಿಸುವಾಗ ಸಿಯ್ಕಾ ಚಾಕು ಕೆಳಗಿಟ್ಟಳು.

"ಗಿಂಕಾ, ಏಳನೇ ಬ್ಲಾಕು ಬಿಟ್ಬಿಡು. ನಂಗೊತ್ತು."

"ಏನ್ ಗೊತ್ತು?"

"ದಿನಾ ನಾನು ತಿದ್ದೋದು, ದಿನಾ ನೀನು ಕೆಡಿಸೋದು. ಆ ಕರ್ನಲ್ ಮೇಲಿನ ಸಿಟ್ಟಿಗೆ ಇಡೀ ಬ್ಲಾಕಿನ ಜನಾನ ಯಾಕೆ ಸಾಯಿಸ್ತೀಯ?"

ಗಿಂಕಾ ಮೊದಲು ನಕ್ಕಳು. ಸಿಯ್ಕಾಳ ಮುಖ ನೋಡಿ ನಗು ನಿಂತಿತು.

"ನೀನು ನಿಜವಾಗ್ಲೂ ಹೇಳ್ತಿದೀಯ."

"ನಾನು ಯಾವತ್ತು ತಮಾಷೆ ಮಾಡಿದೀನಿ?"

"ನನ್ ಗಂಡ ಸತ್ತಾಗ ಮೂರು ರಾತ್ರಿ ನಮ್ಮನೇಲಿ ನನ್ ಪಕ್ಕ ಮಲಗಿದ್ದೋಳು ನೀನು" ಎಂದಳು ಗಿಂಕಾ. ದನಿ ಏರಲಿಲ್ಲ, ಅದೇ ಹೆದರಿಕೆಯಾಗುವಂತಿತ್ತು. "ಜನ ಲಿಫ್ಟಲ್ಲಿ ಸಿಕ್ಕಾಕ್ಕೊಂಡು ಅಳೋದನ್ನ ದಿನಾ ಕೇಳೋ ಕಿವಿ ಇದು. ನಾನು ಲಿಫ್ಟ್ ನಿಲ್ಲಿಸ್ತೀನಾ? ಹೋಗಲಿ ಬಿಡು. ನಿಂಗೆ ಹೇಳಿ ಏನುಪಯೋಗ, ನಿನ್ ನೆರಳನ್ನೂ ತಿರುತಿರುಗಿ ನೋಡ್ತೀಯ ನೀನು."

ತನ್ನ ಪಾಲಿನ ಬಾನಿತ್ಸಾವನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ ಹೊರಗೆ ಹೋದಳು. ಅಂದಿನಿಂದ ಇಬ್ಬರ ನಡುವೆ ಮಾತು ನಿಂತಿತು. ಕಾಗದ ಕೊಡಬೇಕಾದರೆ ಮೇಜಿನ ಅಂಚಿಗೆ ತಳ್ಳುತ್ತಿದ್ದರು. ಸಿಯ್ಕಾಗೆ ಮಾತ್ರ ಇದರಲ್ಲೂ ಒಂದು ಪುರಾವೆ ಸಿಕ್ಕಿತು: ತಪ್ಪು ಮಾಡದವಳಾದರೆ ಇಷ್ಟೇಕೆ ಉರಿಯಬೇಕು? ಲಿಫ್ಟು ಮಾತ್ರ ದಿನವೂ ಕೆಂಪಾಗುತ್ತಲೇ ಇತ್ತು.

ಹೀಗಿರುವಾಗ ಒಂದು ಗುರುವಾರ ಬೆಳಿಗ್ಗೆ, ಹೊರಗೆ ನದಿಯ ಕಡೆಯಿಂದ ಮಂಜು ಕವಿದು ದೀಪ ಹಚ್ಚಿಕೊಂಡೇ ಕೆಲಸ ಮಾಡುತ್ತಿದ್ದಾಗ, ಗಿಂಕಾಳ ಫೋನು ಹೊಡೆದುಕೊಂಡಿತು. ಕೈಯಲ್ಲಿ ಉಗುರುಬಣ್ಣ ಹಸಿಯಿದ್ದುದರಿಂದ ಅವಳು ಸ್ಪೀಕರ್ ಒತ್ತಿದಳು.

"ಹಲೋ, ನಮಸ್ಕಾರ ತಾಯಿ" ಎಂದಿತು ಒಂದು ಗಂಡಸಿನ ದನಿ. "ನಾನು ಚರೊದೆಯ್ಕಾ ಏಳನೇ ಬ್ಲಾಕಿನ ಲಿಫ್ಟಲ್ಲಿದೀನಿ. ಐದನೇದೂ ಅಲ್ಲ ಆರನೇದೂ ಅಲ್ಲ, ಮಧ್ಯದಲ್ಲಿ ತೂಗಾಡ್ತಿದೀನಿ. ಅರ್ಜೆಂಟೇನಿಲ್ಲ, ಆದ್ರೆ ಪಾತ್ರೇಲಿರೋ ನನ್ ಸರ್ಮಿ ಆರ್ತಾ ಇದೆ."

ಸಿಯ್ಕಾ ಕತ್ತೆತ್ತಿದಳು. ಅವಳ ಕಿವಿ ಸುಳ್ಳು ಹೇಳುವುದಿಲ್ಲ.

"ಮಿಂಚೊ?"

"ರಾಂಗ್ ನಂಬರ್" ಎಂದಿತು ದನಿ. ಕರೆ ಕಡಿಯಿತು.

ಗುರುವಾರ ಮಿಂಚೊ ಮೀನು ಹಿಡಿಯಲು ಹೋಗುವ ದಿನ. ವರ್ಷಗಳಿಂದ ಹೋಗುತ್ತಿದ್ದಾನೆ. ಗಾಳ, ಮಡಚುವ ಕುರ್ಚಿ, ಥರ್ಮಾಸು. ಮೀನು ತಂದದ್ದು ಅಪರೂಪ. "ಚಿಕ್ಕ ಮೀನು, ಪಾಪ ಅಂತ ಬಿಟ್ಬಿಟ್ಟೆ" ಎನ್ನುತ್ತಿದ್ದ. ಹಾಲನ್ನು ಮೂಸಿದವಳು, ಮಾಂಸವನ್ನು ತೂಗಿದವಳು, ಈ ಮಾತನ್ನು ಮಾತ್ರ ಯಾವತ್ತೂ ತೂಗಿ ನೋಡಿರಲಿಲ್ಲ. ಎಲ್ಲರನ್ನೂ ಅನುಮಾನಿಸಲು ಒಂದು ಕಡೆಯಾದರೂ ನೆಲ ಗಟ್ಟಿಯಿರಬೇಕಲ್ಲ, ಅವಳಿಗೆ ಆ ನೆಲ ಮಿಂಚೊ. ಈಗ ಅದು ಐದನೇ ಮಹಡಿಗೂ ಆರನೇ ಮಹಡಿಗೂ ನಡುವೆ ತೂಗಾಡುತ್ತಿತ್ತು.

ಗಿಂಕಾ ಹಂಗಿಸಬಹುದಿತ್ತು. ಹಂಗಿಸಲಿಲ್ಲ. ಸ್ಕ್ರೀನು ನೋಡಿದಳು. ಕೆಂಪು. ಮೆಕ್ಯಾನಿಕ್ಕಿಗೆ ಕೆಲಸ ಬರೆಯಲು ಹೋದರೆ ಸಾಫ್ಟ್‌ವೇರ್ ಬಿಡಲಿಲ್ಲ. ಈ ಲಿಫ್ಟಿಗೆ ಒಪ್ಪಂದವಿಲ್ಲ ಎಂದಿತು. ಅವಳು ತನ್ನ ಸ್ವಂತ ಮೊಬೈಲ್ ತೆಗೆದು ರಾಂಗೆಲನಿಗೆ ಹಚ್ಚಿದಳು.

"ರಾಂಗೆಲ್, ಕೈಲಿರೋದನ್ನ ಅಲ್ಲೇ ಬಿಟ್ಟು ಚರೊದೆಯ್ಕಾ ಏಳಕ್ಕೆ ಓಡು. ಒಳಗೆ ಜನ ಇದೆ."

ಬಾಲೆವ್ ತನ್ನ ಕೋಣೆಯಿಂದ ತಲೆ ಹಾಕಿದ. "ಅದು ಕೆಂಪಲ್ವಾ? ಕೆಂಪಿಗೆ ಕಳಿಸ್ಬೇಡಿ ಅಂದಿದ್ನಲ್ಲ."

"ಮನುಷ್ಯ ಒಳಗಿದಾನೆ ಬಾಲೆವ್ ಸಾರ್" ಎಂದಳು ಗಿಂಕಾ. "ಬಣ್ಣ ಹೊರಗಡೆ ಇದೆ. ಸಂಬಳದಲ್ಲಿ ಹಿಡ್ಕೊಳ್ಳಿ."

ಆಮೇಲೆ ಸಿಯ್ಕಾಳ ಕಡೆ ನೋಡದೆ, "ಹೋಗು. ಕೋಟು ಹಾಕ್ಕೊಂಡು ಹೋಗು, ಚಳಿ ಇದೆ" ಎಂದಳು. ಅಷ್ಟು ದಿನಗಳಲ್ಲಿ ಆಡಿದ ಮೊದಲ ಮಾತು ಅದು.

ಮಿಂಚೊ ಗುರುವಾರ ನೋಡಲು ಹೋಗುವ ಹೆಂಗಸನ್ನು ಸಿಯ್ಕಾ ಬಸ್ಸಿನಲ್ಲಿ ಮನಸ್ಸಿನಲ್ಲೇ ಪೂರ್ತಿಯಾಗಿ ಕಟ್ಟಿ ನಿಲ್ಲಿಸಿದಳು. ವಿಧವೆ ಇರಬೇಕು. ತನಗಿಂತ ಹತ್ತು ವರ್ಷ ಚಿಕ್ಕವಳು. ಮೇಲಾಗಿ ತಾನು ಮಾಡಿದ ಸರ್ಮಿ! ನಿನ್ನೆ ಸಂಜೆ ಕೂತು ಎಲೆಕೋಸಿನ ಎಲೆಯಲ್ಲಿ ಅನ್ನ, ಮಾಂಸ ಸುತ್ತಿದ್ದು ತಾನು, ತಿನ್ನುವವಳು ಅವಳು. ಇದನ್ನು ನೆನೆದಾಗ ಬಂದ ಸಿಟ್ಟು ಮಿಕ್ಕದ್ದಕ್ಕೆ ಬಂದ ಸಿಟ್ಟಿಗಿಂತ ದೊಡ್ಡದಾಗಿತ್ತು.

ಏಳನೇ ಬ್ಲಾಕಿನ ಮೆಟ್ಟಿಲು ಹತ್ತಿ ಆರನೇ ಮಹಡಿಗೆ ಬಂದಾಗ ರಾಂಗೆಲ್ ಬಾಗಿಲು ಮೀಟಿ ತೆರೆಯುತ್ತಿದ್ದ. ಒಳಗಿಂದ ಮೊದಲು ಬಟ್ಟೆ ಸುತ್ತಿದ ಪಾತ್ರೆ ಬಂತು. ಆಮೇಲೆ ಗಾಳ. ಆಮೇಲೆ ಮಿಂಚೊ, ಮಂಡಿ ಊರಿಕೊಂಡು. ಹೆಂಡತಿಯ ಬೂಟುಗಳನ್ನು ಕಂಡು ಅವನು ಮಂಡಿಯೂರಿದಂತೆಯೇ ನಿಂತುಬಿಟ್ಟ.

"ಯಾರವಳು?" ಎಂದಳು ಸಿಯ್ಕಾ.

"ಅವಳಲ್ಲ ಕಣೇ" ಎಂದ ಅವನು. "ಬೊಗೊಮಿಲ್."

ಆ ಹೆಸರು ಅವರ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಬೊಗೊಮಿಲ್ ಮಿಂಚೊನೊಂದಿಗೆ ಒಂದೇ ದೋಣಿಯಲ್ಲಿ ದುಡಿದವನು. ಹತ್ತಿರ ಹತ್ತಿರ ಇಪ್ಪತ್ತು ವರ್ಷದ ಹಿಂದೆ ಸಿಯ್ಕಾಳ ಮನೆಯಲ್ಲಿ ಗೆಳೆಯರಿಗೆ ಊಟವಿದ್ದ ದಿನ, ಅವಳು ಹಿಟ್ಟು ಕಲಸುವಾಗ ತನ್ನ ಅಮ್ಮನ ಉಂಗುರ ತೆಗೆದು ಕಿಟಕಿಯ ಹಲಗೆಯ ಮೇಲೆ ಇಟ್ಟಿದ್ದಳು. ಸಂಜೆ ಅದು ಇರಲಿಲ್ಲ. ನಡುವೆ ಅಡುಗೆಮನೆಗೆ ಮಂಜುಗಡ್ಡೆ ತರಲು ಹೋಗಿದ್ದವನು ಬೊಗೊಮಿಲ್ ಒಬ್ಬನೇ. ಸಿಯ್ಕಾ ಎಲ್ಲರ ಎದುರಿಗೇ ಜೇಬು ತೋರಿಸು ಎಂದಿದ್ದಳು. ಅವನು ತೋರಿಸಲಿಲ್ಲ, ಕೋಟನ್ನೂ ತೆಗೆದುಕೊಳ್ಳದೆ ಹಿಮದಲ್ಲಿ ಎದ್ದು ಹೋಗಿದ್ದ. ಉಂಗುರ ಸಿಗಲೇ ಇಲ್ಲ.

"ಅವನಿಗೆ ಪಾರ್ಶ್ವವಾಯು ಹೊಡೆದು ನಾಲ್ಕು ವರ್ಷ ಆಯ್ತು" ಎಂದ ಮಿಂಚೊ. "ಎಂಟನೇ ಮಹಡಿ. ಬಲಗೈ ಬರಲ್ಲ. ವಾರಕ್ಕೊಂದಿನ ಕ್ಷೌರ ಮಾಡಿ, ಊಟ ಕೊಟ್ಟು, ಎರಡಾಟ ಪಗಡೆ ಆಡಿ ಬರ್ತೀನಿ. ನಿಂಗೆ ಹೇಳಿದ್ರೆ ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ರಾಂಗೆಲ್ ಉಪಕರಣ ಒರೆಸಿಕೊಳ್ಳುತ್ತಾ ನಡುವೆ ಬಾಯಿ ಹಾಕಿದ. "ಸಿಯ್ಕಾ ಅಕ್ಕ, ಇದರ ತಪಾಸಣೆ ಈ ತಿಂಗಳು ನನ್ ಪಟ್ಟೀಲೇ ಬರ್ಲಿಲ್ಲ. ಅದರ ಬದಲು ಪಕ್ಕದ ಎಂಟನೇ ಬ್ಲಾಕಿನ ಲಿಫ್ಟು ಅಂತ ಬಂತು. ಅದನ್ನ ಹೋದ ವರ್ಷ ಕಿತ್ತು ಗುಜರಿಗೆ ಹಾಕಿದ್ದು ನಾನೇ! ಹೋಗಿ ನೋಡಿದ್ರೆ ಆ ಖಾಲಿ ಜಾಗದಲ್ಲಿ ಸೈಕಲ್ ಇಟ್ಕೊಂಡಿದಾರೆ. ನಿಮ್ಮ ಸಾಫ್ಟ್‌ವೇರ್ ಕುಡಿದು ಕೆಲಸ ಮಾಡತ್ತಾ?"

ಸಿಯ್ಕಾ ಅದನ್ನು ಮನಸ್ಸಿನಲ್ಲಿ ಒಂದು ಕಡೆ ಇಟ್ಟುಕೊಂಡಳು. ಆಮೇಲೆ ನೆಲದ ಮೇಲಿದ್ದ ಪಾತ್ರೆಯನ್ನು ಎತ್ತಿಕೊಂಡು ಮೇಲಿನ ಮಹಡಿಗಳ ಮೆಟ್ಟಿಲು ಹತ್ತತೊಡಗಿದಳು. ಮಿಂಚೊ ಗಾಳ ಹಿಡಿದುಕೊಂಡು ಹಿಂದೆ ಹಿಂದೆ ಬಂದ.

ಬೊಗೊಮಿಲ್ ಕಿಟಕಿಯ ಬಳಿ ಕಂಬಳಿ ಹೊದ್ದು ಕೂತಿದ್ದ. ದೊಡ್ಡ ಆಳಾಗಿದ್ದವನು ಈಗ ತನ್ನದೇ ಅಂಗಿಯೊಳಗೆ ಕಳೆದುಹೋಗಿದ್ದ. ಸಿಯ್ಕಾಳನ್ನು ಕಂಡು ಅವನ ಬಾಯಿಯ ಒಂದು ಪಕ್ಕ ಮಾತ್ರ ಅಲುಗಿತು.

"ಜೇಬು ನೋಡೋಕೆ ಬಂದ್ರಾ?" ಎಂದ. ಮಾತು ತೊದಲುತ್ತಿದ್ದರೂ ಅರ್ಥವಾಗುವಂತಿತ್ತು. "ಈಗ ಎದ್ದು ಹೋಗೋಕಾಗಲ್ಲ. ನೋಡ್ಕೊಳ್ಳಿ."

ಸಿಯ್ಕಾ ಪಾತ್ರೆಯನ್ನು ಮೇಜಿನ ಮೇಲಿಟ್ಟಳು. ಕೋಣೆಯ ಸುತ್ತ ಕಣ್ಣು ಹಾಯಿಸದೆ ಇರಲು ಅವಳಿಂದ ಆಗಲಿಲ್ಲ. ಗೋಡೆಯ ಮೇಲೆ ದೋಣಿಯ ಚಿತ್ರ, ಮೂಲೆಯಲ್ಲಿ ಔಷಧಿ, ಗಾಜಿನ ಕಪಾಟಿನಲ್ಲಿ ನಾಲ್ಕು ಲೋಟ.

"ಇನ್ನೂ ನಾನೇ ತಗೊಂಡೆ ಅನ್ಕೊಂಡಿದೀರಾ?"

"ಗೊತ್ತಿಲ್ಲ" ಎಂದಳು ಸಿಯ್ಕಾ. ಆ ಮಾತು ಅವಳ ಬಾಯಿಂದ ಬಂದದ್ದು ಕೇಳಿ ಮಿಂಚೊ ತಟ್ಟೆ ತರಲು ಹೊರಟವನು ನಿಂತ.

"ನಂಗೂ ಇಷ್ಟು ವರ್ಷದಿಂದ ಒಂದು ಅನುಮಾನ" ಎಂದ ಬೊಗೊಮಿಲ್. "ಮಿಂಚೊ ನನ್ ಜೊತೆ ಸೇರೋದು ನಿಮಗಿಷ್ಟ ಇರ್ಲಿಲ್ಲ. ಉಂಗುರ ನೀವೇ ಬಚ್ಚಿಟ್ಟು ನನ್ ಮೇಲೆ ಹಾಕಿದ್ರೇನೋ ಅಂತ. ಎಷ್ಟೋ ರಾತ್ರಿ ಅದನ್ನೇ ಯೋಚಿಸಿದೀನಿ."

ಸಿಯ್ಕಾಗೆ ಕೆನ್ನೆಗೆ ಹೊಡೆದಂತಾಯಿತು. ತನ್ನನ್ನು ಯಾರಾದರೂ ಅನುಮಾನಿಸಬಹುದು ಎಂದು ಅವಳಿಗೆ ಒಂದು ದಿನವೂ ಹೊಳೆದಿರಲಿಲ್ಲ. ನಾನು ಹಾಗೆ ಮಾಡಲಿಲ್ಲ ಎಂದು ಹೇಳಲು ಬಾಯಿ ತೆರೆದಳು. ಅದನ್ನು ಸಾಬೀತು ಮಾಡಲು ತನ್ನ ಬಳಿ ಏನೂ ಇಲ್ಲ ಎನ್ನುವುದು ಆಗ ಅರಿವಾಯಿತು. ಅವನ ಬಳಿಯೂ ಇಷ್ಟು ವರ್ಷ ಏನೂ ಇರಲಿಲ್ಲ.

"ನಾನು ಬಚ್ಚಿಡಲಿಲ್ಲ" ಎಂದಳು ಕೊನೆಗೆ.

"ನಾನು ತಗೊಳ್ಲಿಲ್ಲ" ಎಂದ ಅವನು.

ಮಿಂಚೊ ಮೂರು ತಟ್ಟೆ ಹಾಕಿದ. ಯಾರೂ ಬೇಡ ಎನ್ನಲಿಲ್ಲ. ಸಿಯ್ಕಾ ಒಂದು ಸರ್ಮಿ ಕಚ್ಚಿ, "ಉಪ್ಪು ಕಮ್ಮಿ" ಎಂದಳು.

"ನೀನೇ ಮಾಡಿದ್ದು ಮಾರಾಯ್ತಿ."

ಮಧ್ಯಾಹ್ನ ಕಚೇರಿಗೆ ವಾಪಸು ಬಂದವಳು ಕೋಟೂ ಬಿಚ್ಚದೆ ಸೋಫಿಯಾಕ್ಕೆ ಫೋನು ಹಚ್ಚಿದಳು. ಚುಚ್ಚುವುದಕ್ಕಲ್ಲ, ತಿಳಿದುಕೊಳ್ಳಲೆಂದೇ ಡೆಲ್ಯಾನನನ್ನು ಒಂದು ಪ್ರಶ್ನೆ ಕೇಳಿದ್ದು ಅದೇ ಮೊದಲು.

"ನಾನು ತಿದ್ದಿದ್ದು ಬೆಳಿಗ್ಗೆ ಹೊತ್ತಿಗೆ ಯಾಕೆ ಹೋಗಿರತ್ತೆ?"

"ನೀವು ಎಲ್ಲಿ ತಿದ್ದಿದ್ರಿ ಮೇಡಂ? ಸಾಫ್ಟ್‌ವೇರ್ ಒಳಗಾ? ಫೋಲ್ಡರಲ್ಲಿರೋ ಷೀಟಲ್ಲಿ ತಿದ್ಬೇಕು. ಈ ತಿಂಗಳು ಪೂರ್ತಿ ಪ್ರತಿ ರಾತ್ರಿ ಆ ಷೀಟನ್ನ ಅದು ಹೊಸದಾಗಿ ಎಳ್ಕೊಳತ್ತೆ. ನೀವು ಹಗಲಲ್ಲಿ ಮಾಡಿದ್ದರ ಮೇಲೆ ಹಳೇದು ಬಂದು ಕೂರತ್ತೆ. ಅವತ್ತು ಪಾಠದಲ್ಲಿ ಎರಡು ಸಲ ಹೇಳಿದ್ದೆ. ನೀವು ಎದುರಿಗೇ ಕೂತಿದ್ರಿ."

ಸಿಯ್ಕಾಗೆ ನೀಲಿ ದೀಪ ಮಾತ್ರ ನೆನಪಿತ್ತು.

ಷೀಟು ತೆರೆದಳು. ಚರೊದೆಯ್ಕಾ. ಆರನೇ ಬ್ಲಾಕಿನವರೆಗೂ ಸರಿಯಿತ್ತು. ಒಪ್ಪಂದ ಮುಗಿಯುವ ದಿನಾಂಕಗಳ ಕಾಲಮ್ಮಿನಲ್ಲಿ ಏಳನೇ ಬ್ಲಾಕಿನ ಚೌಕವನ್ನು ಯಾರೋ ಅಳಿಸಿದ್ದರು, ಅದರ ಕೆಳಗಿನವೆಲ್ಲ ಒಂದೊಂದು ಮೆಟ್ಟಿಲು ಮೇಲೆ ಹತ್ತಿ ಕೂತಿದ್ದವು. ಗುಜರಿಗೆ ಹೋದ ಎಂಟನೇ ಬ್ಲಾಕಿನ ಲಿಫ್ಟಿನ ದಿನಾಂಕ ಏಳನೆಯದಕ್ಕೆ ಬಂದಿತ್ತು, ಒಂಬತ್ತನೆಯದು ಎಂಟಕ್ಕೆ. ಬದುಕಿದ್ದ ಲಿಫ್ಟು ಸತ್ತಿತ್ತು, ಸತ್ತದ್ದಕ್ಕೆ ಜೀವ ಬಂದಿತ್ತು. ಮಿಕ್ಕ ಬ್ಲಾಕುಗಳಿಗೆಲ್ಲ ಒಂದೇ ದಿನಾಂಕವಿದ್ದುದರಿಂದ ಅವು ಜರುಗಿದ್ದು, ತೀರ ಕೆಳಗಿನ ಚೌಕ ಖಾಲಿ ಉಳಿದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಇದನ್ನ ಅಳಿಸಿದ್ದು ಯಾರು?" ಎಂದು ಫೋನಿನಲ್ಲಿ ಕೇಳಿದಳು.

"ಹೇಳೋಕಾಗಲ್ಲ ಮೇಡಂ. ಎಲ್ಲರೂ 'ಕಚೇರಿ' ಅನ್ನೋ ಒಂದೇ ಹೆಸರಲ್ಲಿ ಒಳಗೆ ಹೋಗ್ತೀರಿ. ಒಂದು ಬೆರಳು ಜಾರಿದ್ರೆ ಸಾಕು."

ಬಾಲೆವ್, ರಾಂಗೆಲ್, ಗಿಂಕಾ, ತಾನು. ನಾಲ್ಕು ಜನ. ಸಿಯ್ಕಾ ನಾಲ್ಕು ಹೆಸರನ್ನೂ ಮನಸ್ಸಿನಲ್ಲಿ ಬಹಳ ಹೊತ್ತು ತಿರುವಿ ತಿರುವಿ ನೋಡಿದಳು. ತನ್ನ ಹೆಸರನ್ನು ಅಷ್ಟು ಹೊತ್ತು ಹಾಗೆ ನೋಡುವುದು ಅವಳಿಗೆ ಅಭ್ಯಾಸವಿರಲಿಲ್ಲ. ಆಮೇಲೆ ಎದುರು ಮೇಜಿಗೆ ಹೋಗಿ ನಿಂತಳು.

"ನೀನಲ್ಲ."

ಗಿಂಕಾ ತಲೆ ಎತ್ತಲಿಲ್ಲ. "ಮತ್ತಿನ್ಯಾರು?"

"ಗೊತ್ತಾಗಲ್ವಂತೆ. ನಾನೇ ಇರ್ಬಹುದು."

"ಅದನ್ನ ಬರೆದು ಸಹಿ ಹಾಕಿಕೊಡು. ಕಟ್ಟು ಹಾಕಿಸಿ ಗೋಡೆಗೆ ಹಾಕ್ಕೋತೀನಿ."

"ಮಿಂಚೊನ ಹೊರಗೆ ತೆಗೆಸಿದ್ಯಲ್ಲ, ಅದಕ್ಕೆ..." ಸಿಯ್ಕಾ ಮೇಜಿನ ಅಂಚಿನಲ್ಲಿದ್ದ ಕಾಗದಗಳನ್ನು ಒಂದರ ಮೇಲೊಂದು ನೇರವಾಗಿ ಜೋಡಿಸಿಟ್ಟಳು.

"ನಿನ್ ಗಂಡ ಅಂತ ಅಲ್ಲ, ಯಾರಿದ್ರೂ ತೆಗೆಸ್ತಿದ್ದೆ" ಎಂದಳು ಗಿಂಕಾ. "ಈಗ ಜಾಗ ಬಿಡು, ಬೆಳಕಿಗೆ ಅಡ್ಡ ಬರ್ತಿದೀಯ."

ಅವರ ನಡುವೆ ಎಲ್ಲ ಒಮ್ಮೆಗೇ ಸರಿಹೋಯಿತು ಎನ್ನುವಂತಿಲ್ಲ. ಬಾಲೆವ್ ತನ್ನ ಕೆಂಪು ಬಣ್ಣದ ಕಾನೂನನ್ನು ಸಡಿಲಿಸಿ, ಒಳಗೆ ಜನರಿದ್ದರೆ ಮೊದಲು ಮೆಕ್ಯಾನಿಕ್, ಆಮೇಲೆ ಒಪ್ಪಂದ ಎಂದು ಹೇಳಿದ. ಷೀಟುಗಳನ್ನೆಲ್ಲ ಮೊದಲಿನಿಂದ ತಾಳೆ ನೋಡಬೇಕಾಯಿತು. ಅದು ಒಬ್ಬರಿಂದ ಆಗುವ ಕೆಲಸವಲ್ಲ, ಒಬ್ಬರು ಒಪ್ಪಂದ ಓದಬೇಕು, ಇನ್ನೊಬ್ಬರು ಸಾಲು ನೋಡಬೇಕು. ಗಿಂಕಾ ಕುರ್ಚಿ ಎಳೆದುಕೊಂಡು ಬಂದು ಕೂತಳು. ದಿನಗಟ್ಟಲೆ ಬ್ಲಾಕಿನ ನಂಬರು, ದಿನಾಂಕ, ಬ್ಲಾಕಿನ ನಂಬರು, ದಿನಾಂಕ. ಬೇರೆ ಮಾತಿಲ್ಲ. ಕ್ರಿಸ್‌ಮಸ್ಸಿನ ಹತ್ತಿರ ಒಂದು ಮಧ್ಯಾಹ್ನ ಗಿಂಕಾ ಬಾನಿತ್ಸಾ ತಂದು ನಡುವೆ ಇಟ್ಟು, "ನೀನೇ ಕತ್ತರಿಸು, ಆಮೇಲೆ ನನ್ ಮೇಲೆ ಹೇಳ್ಬೇಡ" ಎಂದಳು.

ಗುರುವಾರಗಳಲ್ಲಿ ಮಿಂಚೊ ಈಗ ಗಾಳ ಒಯ್ಯುವುದಿಲ್ಲ. ಸಿಯ್ಕಾ ತಾನಾಗಿ ಇನ್ನೊಮ್ಮೆ ಎಂಟನೇ ಮಹಡಿಗೆ ಹೋದದ್ದು ಬೊಗೊಮಿಲನ ಹುಟ್ಟುಹಬ್ಬಕ್ಕೆ ಒಂದೇ ಸಲ. ಅವನು ಸತ್ಯ ಹೇಳುತ್ತಿದ್ದಾನೆಯೇ ಎಂದು ಈಗಲೂ ಅವಳಿಗೆ ತಿಳಿಯದು. ಊಟದ ಪಾತ್ರೆಗೆ ಮಾತ್ರ ಎರಡು ಸರ್ಮಿ ಜಾಸ್ತಿ ಹಾಕುತ್ತಾಳೆ.

ಈಸ್ಟರ್ ಕಳೆದ ಮೇಲೆ ಗಿಂಕಾ ವಾರದ ಮಟ್ಟಿಗೆ ವಾರ್ನಾದಲ್ಲಿದ್ದ ಮಗಳ ಮನೆಗೆ ಹೊರಟಳು. ಹೊರಡುವ ಮುಂಚೆ ಮೇಜಿನ ಮೇಲೆ ಒಂದು ಬೀಗದಕೈ ಇಟ್ಟಳು.

"ಗಿಡಕ್ಕೆ ನೀರು ಹಾಕು. ಬೆಕ್ಕಿಗೆ ಊಟ."

"ನಂಗ್ಯಾಕೆ ಕೊಡ್ತಿದೀಯ?" ಎಂದಳು ಸಿಯ್ಕಾ ಕಣ್ಣು ಕಿರಿದು ಮಾಡಿ. "ಪರೀಕ್ಷೆ ಮಾಡ್ತಿದೀಯಾ?"

"ಹೌದು. ಬೆಕ್ಕು ನಿನ್ ಮೇಲೆ ವರದಿ ಬರೆಯತ್ತೆ. ತಗೊಳೇ ಸುಮ್ನೆ."

ಸಿಯ್ಕಾ ದಿನವೂ ಸಂಜೆ ಹೋಗಿ ನೀರು ಹಾಕಿದಳು. ಹಜಾರ ದಾಟಿದರೆ ಬಟ್ಟೆ ಬೀರು, ಅದರ ಬಾಗಿಲು ಒಂದು ಗೇಣು ತೆರೆದಿತ್ತು. ಬೇಕೆಂದೇ ತೆರೆದಿಟ್ಟು ಹೋಗಿದ್ದಾಳೆ ಎಂದು ಅವಳಿಗೆ ಖಚಿತವಾಗಿತ್ತು. ಮೊದಲ ದಿನ ಅದರ ಮುಂದೆ ನಿಂತಳು. ಎರಡನೇ ದಿನವೂ ನಿಂತಳು. ಬೆಕ್ಕು ಅವಳನ್ನೇ ನೋಡುತ್ತಿತ್ತು. ಆಮೇಲಿನ ದಿನಗಳಲ್ಲಿ ಗಿಡಕ್ಕೆ ನೀರು ಹಾಕಿ, ಬೆಕ್ಕಿನ ತಟ್ಟೆ ತುಂಬಿ, ಹಜಾರದ ಈಚೆಯಿಂದಲೇ ಹಿಂತಿರುಗಿದಳು.

ಗಿಂಕಾ ಬಂದಾಗ ಬೀಗದಕೈ ಮರಳಿಸುತ್ತಾ, "ಬೀರು ಮುಟ್ಟಲಿಲ್ಲ" ಎಂದಳು.

"ಯಾವ ಬೀರು?"

"ಬಾಗ್ಲು ತೆರೆದಿಟ್ಟಿದ್ಯಲ್ಲ."

"ಅಯ್ಯೋ, ಅದರ ಕೀಲು ಮುರಿದು ಎರಡು ವರ್ಷ ಆಯ್ತು, ಮುಚ್ಚೋದೇ ಇಲ್ಲ" ಎಂದಳು ಗಿಂಕಾ. ಬೀಗದಕೈಯನ್ನು ಸಿಯ್ಕಾಳ ಕಡೆಗೇ ತಳ್ಳಿದಳು. "ಇರ್ಲಿ, ನಿನ್ ಹತ್ರಾನೇ ಇಟ್ಕೊ. ಯಾವತ್ತಾದ್ರೂ ನಾನು ಒಳಗೇ ಬಿದ್ಕೊಂಡ್ರೆ ಬೇಕಾಗತ್ತೆ. ನೀನಾದ್ರೆ ಅನುಮಾನಪಟ್ಟು ಅವತ್ತೇ ಬರ್ತೀಯ."